ಆರೂವರೆ ಅಡಿ ಭಾವನ ಮೂರು ಚಕ್ರದ ಗಾಡಿ

ನಮ್ಮ ಭಾವನ ತಲೆಗೆ ಬಡಿಯದ ಬಾಗಿಲು ಕಲ್ಕತ್ತಾದಲ್ಲಿ ಒಂದೂ ಇಲ್ಲ. ಉತ್ಪ್ರೇಕ್ಷೆ ಅಂದಿರಾ? ಹಾಗಾದರೆ ನೀವು ಅವರನ್ನು ನೋಡಿಲ್ಲ. ನೋಡುವುದಾದರೂ ಒಂದೇ ಸಲಕ್ಕೆ ಆಗುವ ಕೆಲಸವಲ್ಲ. ಮೊದಲು ಸೊಂಟದವರೆಗೆ ನೋಡಿ, ಸ್ವಲ್ಪ ಸುಧಾರಿಸಿಕೊಂಡು, ಆಮೇಲೆ ಕತ್ತೆತ್ತಿ ಉಳಿದದ್ದನ್ನು ನೋಡಬೇಕು. ಆರೂವರೆ ಅಡಿ ಎತ್ತರ! ನಮ್ಮಕ್ಕನೋ, ಐದು ಅಡಿಗೆ ಒಂದು ಬೆರಳು ಕಡಿಮೆ. ಉಡುಪಿಯಲ್ಲಿ ಅವರ ಮದುವೆಯಾದಾಗ ಮಾಲೆ ಹಾಕಲೆಂದು ಅಕ್ಕನನ್ನು ಮಣೆಯ ಮೇಲೆ ನಿಲ್ಲಿಸಿದರು, ಸಾಲಲಿಲ್ಲ. ಮಣೆಯ ಕೆಳಗೆ ಇನ್ನೊಂದು ಮಣೆ ಇಟ್ಟರು, ಆಗಲೂ ಸಾಲಲಿಲ್ಲ. ಕೊನೆಗೆ ಪುರೋಹಿತರೇ, "ನೀನೇ ಸ್ವಲ್ಪ ಕೂತುಬಿಡು ಮಾರಾಯ, ಮುಹೂರ್ತ ಮೀರ್ತದೆ" ಅಂದರು.

ಬ್ಯಾಂಕಿನ ಕೆಲಸ ಭಾವನನ್ನು ಕಲ್ಕತ್ತಾಕ್ಕೆ ತಂದಿತು. ಬಾಲಿಗಂಜ್‌ನ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ಮನೆ. ಎಂ.ಎ. ಓದುವ ನೆಪದಲ್ಲಿ ಅಕ್ಕನ ತಂಗಿಯಾದ ನಾನೂ ಹೋಗಿ ಸೇರಿಕೊಂಡೆ. ಎಪ್ಪತ್ತರ ದಶಕದ ಆ ದಿನಗಳಲ್ಲಿ ನಮ್ಮ ಪಾಡಾಕ್ಕೆ, ಅಂದರೆ ನಮ್ಮ ಕೇರಿಗೆ, ಭಾವನ ಹೆಸರೇ ಗೊತ್ತಿರಲಿಲ್ಲ. ಎಲ್ಲರಿಗೂ ಅವರು 'ಲಂಬೂದಾ', ಉದ್ದಣ್ಣ. ದುರ್ಗಾಪೂಜೆ ಬಂತೆಂದರೆ ಪೆಂಡಾಲಿಗೆ ಬಲ್ಬು ಕಟ್ಟುವವರು ಏಣಿ ಹುಡುಕುತ್ತಲೇ ಇರಲಿಲ್ಲ, ನೇರ ನಮ್ಮ ಮನೆಯ ಬಾಗಿಲು ತಟ್ಟುತ್ತಿದ್ದರು. ಸೊಳ್ಳೆಪರದೆಯೊಳಗೆ ಮಲಗಿದರೆ ಭಾವನ ಎರಡು ಪಾದಗಳೂ ಹೊರಗೆ. "ಊರಿನ ಸೊಳ್ಳೆಗಳಿಗೆಲ್ಲ ದಿನಾ ಅನ್ನಸಂತರ್ಪಣೆ" ಎಂದು ಅಕ್ಕ ಬಯ್ಯುತ್ತಿದ್ದಳು.

ಇಷ್ಟೆಲ್ಲ ಸಹಿಸಿಕೊಂಡಿದ್ದ ಭಾವನ ಸಂಸಾರಕ್ಕೆ ಬೆಂಕಿ ಹಚ್ಚಿದ್ದು ಮಿನಿಬಸ್ಸು. ಯಾವ ಪುಣ್ಯಾತ್ಮ ಯಾರ ಅಳತೆ ತೆಗೆದು ಆ ಬಸ್ಸು ಮಾಡಿದನೋ! ಸಾಮಾನ್ಯರೇ ಅದರೊಳಗೆ ಕತ್ತು ಬಗ್ಗಿಸಿ ನಿಲ್ಲಬೇಕಿತ್ತು. ಭಾವ ಬಾಲಿಗಂಜ್‌ನಲ್ಲಿ ಮಡಚಿಕೊಂಡು ಹತ್ತಿ, ಬ್ಯಾಂಕಿದ್ದ ಡಾಲ್ಹೌಸಿಯಲ್ಲಿ ಬಿಚ್ಚಿಕೊಂಡು ಇಳಿಯುತ್ತಿದ್ದರು. ಒಂದು ದಿನ ಮಡಚಿದ ಕುತ್ತಿಗೆ ಬಿಚ್ಚಲೇ ಇಲ್ಲ. ತಲೆ ತಗ್ಗಿಸಿಕೊಂಡೇ ಬ್ಯಾಂಕಿಗೆ ಹೋದರು, ತಲೆ ತಗ್ಗಿಸಿಕೊಂಡೇ ಮ್ಯಾನೇಜರ ಮುಂದೆ ನಿಂತರು. ಹಿಂದಿನ ದಿನವಷ್ಟೇ ಭಾವನ ಜೊತೆ ಜಗಳವಾಡಿದ್ದ ಮ್ಯಾನೇಜರು ಕರಗಿಹೋಗಿ, "ಇರಲಿ ಇರಲಿ, ಇಷ್ಟೊಂದು ಪಶ್ಚಾತ್ತಾಪ ಬೇಡ" ಎಂದು ಚಹಾ ತರಿಸಿದರಂತೆ!

ಡಾಕ್ಟರು ಮಾತ್ರ ಕರಗಲಿಲ್ಲ. "ಒಂದೋ ಆ ಬಸ್ಸು ಬಿಡಿ, ಇಲ್ಲ ಈ ಕುತ್ತಿಗೆ ಬಿಡಿ" ಅಂದರು.

ಮೊದಲು ಸಹೋದ್ಯೋಗಿಯೊಬ್ಬರ ಸ್ಕೂಟರನ್ನು ಎರವಲು ತಂದು ನೋಡಿದ್ದಾಯಿತು. ಕೂತರೆ ಮೊಣಕಾಲು ಕಿವಿಯ ಹತ್ತಿರ. ಗರಿಯಾಹಾಟಿನ ಸಿಗ್ನಲ್ಲಿನಲ್ಲಿ ನಿಲ್ಲಿಸಿದ ಭಾವ ಎರಡೂ ಕಾಲು ನೆಲಕ್ಕೆ ಊರಿ, ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಸ್ವಲ್ಪ ಎದ್ದು ನಿಂತರು. ಹಸಿರು ದೀಪ ಬಂತು. ಸ್ಕೂಟರು ಹೊರಟಿತು. ಭಾವ ಅಲ್ಲೇ ನಿಂತಿದ್ದರು!

ಅಂದಿಗೆ ಎರಡು ಚಕ್ರದ ಆಸೆ ಬಿಟ್ಟು, ಮೂರು ಚಕ್ರದ ಮೋಟಾರ್ ಸೈಕಲ್ ತಂದರು. ಮುಚ್ಚಿಹೋದ ಬಿಸ್ಕತ್ತು ಕಾರ್ಖಾನೆಯೊಂದು ಅಂಗಡಿ ಅಂಗಡಿಗೆ ಮಾಲು ಸಾಗಿಸಲು ಇಟ್ಟುಕೊಂಡಿದ್ದ ಗಾಡಿ ಅದು. ಮುಂದಿನಿಂದ ನೋಡಿದರೆ ಮೋಟಾರ್ ಸೈಕಲ್, ಹಿಂದಿನಿಂದ ನೋಡಿದರೆ ಎರಡು ಚಕ್ರದ ಮೇಲೆ ಕೂರಿಸಿದ ದೊಡ್ಡ ಮರದ ಪೆಟ್ಟಿಗೆ. ಪೆಟ್ಟಿಗೆಯ ಸಂದಿಗೊಂದಿಗಳಲ್ಲಿ ಹಳೆಯ ಬಿಸ್ಕತ್ತಿನ ಪುಡಿ. ಮೊದಲ ದಿನ ಭಾವ ಅದನ್ನು ಓಡಿಸಿಕೊಂಡು ಬಂದಾಗ ಅವರ ಹಿಂದೆ ಬಾಲಿಗಂಜ್‌ನ ನಾಯಿಗಳೆಲ್ಲ ಮೆರವಣಿಗೆ ಬಂದಿದ್ದವು.

ಅಕ್ಕ ಬಾಲ್ಕನಿಯಿಂದ ಬಗ್ಗಿ ನೋಡಿದಳು. "ಎಂತದು ಅದು?"

"ಗಾಡಿ ಮಾರಾಯ್ತಿ. ಹಿಂದಿನ ಪೆಟ್ಟಿಗೆಗೆ ಒಂದು ಬೆಂಚು ಹಾಕಿಸಿದ್ರೆ ನೀವಿಬ್ಬರೂ ಆರಾಮಲ್ಲಿ ಕೂತ್ಕೊಳ್ಬಹುದು."

"ನಾನೆಂತ ಬಿಸ್ಕತ್ತಾ?"

ತಮಾಷೆ ಶುರುವಾದದ್ದು ಮರುದಿನದಿಂದ. ಆ ಗಾಡಿ ಓಡಿಸುತ್ತಿದ್ದವನು ಯಾರೋ ಕುಳ್ಳ ಪುಣ್ಯವಂತ. ಭಾವ ಸೀಟಿನ ಮೇಲೆ ಕೂತರೆ ಮೊಣಕಾಲುಗಳು ಹ್ಯಾಂಡಲ್ಲಿಗೆ ತಾಗುತ್ತಿದ್ದವು. ಬಲಕ್ಕೆ ತಿರುಗಿಸುವಾಗ ಬಲಗಾಲನ್ನು ಹೊರಗೆ ಚಾಚಿ ಜಾಗ ಮಾಡಿಕೊಳ್ಳಬಹುದಿತ್ತು. ಎಡಗಡೆ ಹಾಳು ಟೂಲ್ ಬಾಕ್ಸ್ ಅಡ್ಡ. ಆ ಕಾಲು ಎಲ್ಲಿಗೂ ಹೋಗುವಂತಿಲ್ಲ. ಹಾಗಾಗಿ ಭಾವನ ಗಾಡಿ ಎಡಕ್ಕೆ ತಿರುಗುತ್ತಿರಲಿಲ್ಲ!

ನಾವಾಗಿದ್ದರೆ ಗಾಡಿಯನ್ನು ಗುಜರಿಗೆ ಹಾಕುತ್ತಿದ್ದೆವು. ಭಾವ ಹಾಕಿದರೇ? "ಎಡಕ್ಕೆ ಹೋಗ್ಬೇಕಾದ್ರೆ ಎಡಕ್ಕೇ ತಿರುಗ್ಬೇಕಂತ ಎಂತ ಉಂಟು? ಮುಂದೆ ಹೋಗಿ ಮೂರು ಸಲ ಬಲಕ್ಕೆ ತಿರುಗಿದ್ರೆ ಆಯ್ತಲ್ಲ" ಅಂದರು. ಆಫೀಸಿಗೆ ಹೋಗುವ ದಾರಿಯಲ್ಲಿ ಎಡ ತಿರುವುಗಳು ಎಷ್ಟಿದ್ದವೋ, ಒಂದೊಂದಕ್ಕೂ ಮೂರು ಬಲ ತಿರುವು ಸೇರಿಸಿ, ದಕ್ಷಿಣ ಕಲ್ಕತ್ತಾದ ಗಲ್ಲಿಗಳನ್ನೆಲ್ಲ ಪ್ರದಕ್ಷಿಣೆ ಹಾಕುತ್ತ ಹೊರಟರು. ಒಂದು ಚೌಕದ ಟ್ರಾಫಿಕ್ ಪೊಲೀಸ್ ಒಮ್ಮೆ ಸೆಲ್ಯೂಟ್ ಹೊಡೆದ. ಸ್ವಲ್ಪ ಹೊತ್ತಿಗೆ ಅದೇ ಗಾಡಿ ಇನ್ನೊಂದು ರಸ್ತೆಯಿಂದ ಬಂತು, ಕಣ್ಣುಜ್ಜಿಕೊಂಡ. ಮತ್ತೊಮ್ಮೆ ಬಂದಾಗ ಕೈ ಅಡ್ಡ ಹಿಡಿದು ಕೇಳಿದ: "ದಾದಾ, ದಾರಿ ತಪ್ಪಿದೆಯೋ, ಹರಕೆ ಹೊತ್ತಿದ್ದೀರೋ? ಕಾಳಿಘಾಟು ಆ ಕಡೆ."

ಆಮೇಲೆ ಶುರುವಾಯಿತು ರಿಪೇರಿ ಪರ್ವ. ಗರಿಯಾಹಾಟಿನ ಹಿಂದಿನ ಗಲ್ಲಿಯಲ್ಲಿ ಗಾಡಿ ರಿಪೇರಿಯ ಮಿಸ್ತ್ರಿಯೊಬ್ಬ ಇದ್ದ. ಕೈಕೆಲಸಕ್ಕಿಂತ ವಾದ ಮಾಡುವುದರಲ್ಲಿ ಪ್ರವೀಣ. ಭಾವನಿಗೆ ಬೇಕಾಗಿದ್ದವನೇ ಅವನು! ಭಾನುವಾರ ಬೆಳಗ್ಗೆ ಇಬ್ಬರೂ ಗಾಡಿಯ ಎರಡು ಬದಿಗೆ ನಿಂತರೆಂದರೆ ಹಿಂದಿ, ಬಂಗಾಳಿ, ಕನ್ನಡ ಎಲ್ಲ ಸೇರಿ ಸಾಂಬಾರು. ಎರಡು ಮೂರು ಮಣ್ಣಿನ ಕುಡಿಕೆ ಚಹಾ ಆದ ಮೇಲೆ ಒಂದು ಬೋಲ್ಟು ಬಿಚ್ಚುತ್ತಿದ್ದರು.

ಮೊದಲು ಸೀಟನ್ನು ಹಿಂದಕ್ಕೆ ಸರಿಸಿದರು. ಕಾಲಿಗೆ ಜಾಗ ಸಿಕ್ಕಿತು, ಕೈಗೆ ಹ್ಯಾಂಡಲ್ ಸಿಗಲಿಲ್ಲ. ಹ್ಯಾಂಡಲ್ಲನ್ನು ಉದ್ದ ಮಾಡಿದರು. ಅದು ಎಮ್ಮೆಯ ಕೋಡಿನಂತೆ ಎರಡೂ ಕಡೆಯಿಂದ ಹಿಂದಕ್ಕೆ ಬಾಗಿ ಬಂತು. ಕೂತರೆ ಸಿಂಹಾಸನ, ಗಾಡಿ ಎಡಕ್ಕೂ ತಿರುಗಿತು! "ಈಗ ನೋಡಿ ಸುಖ!" ಎಂದು ಭಾವ ನಮ್ಮಿಬ್ಬರನ್ನೂ, ರೇಷನ್ ಅಕ್ಕಿಯ ಚೀಲವನ್ನೂ ಹಿಂದೆ ಹೇರಿಕೊಂಡು ಢಾಕುರಿಯಾದಲ್ಲಿ ರೈಲು ಹಳಿಯ ಮೇಲಿನ ರಸ್ತೆ ಸೇತುವೆ ಹತ್ತಿಸಿದರು. ಭಾರವೆಲ್ಲ ಹಿಂದೆ, ಏರು ಮುಂದೆ. ಅರ್ಧ ಏರುವುದರೊಳಗೆ ಮುಂದಿನ ಚಕ್ರ ನೆಲ ಬಿಟ್ಟು ನಿಧಾನವಾಗಿ ಆಕಾಶದ ಕಡೆ ಎದ್ದಿತು.

"ಅಯ್ಯೋ ದೇವರೇ, ಇಳಿಸಿ!" ಅಕ್ಕ ಕಿರುಚಿದಳು.

"ಎಲ್ಲಿಗೆ ಇಳಿಸುದು? ಚಕ್ರವೇ ಇಲ್ಲವಲ್ಲ ಕೆಳಗೆ!" ಭಾವ ಅಲ್ಲಿಂದಲೇ ಕೂಗಿದರು.

ದಾರಿಹೋಕರು ಓಡಿ ಬಂದು ಮುಂದಿನ ಚಕ್ರಕ್ಕೆ ಜೋತುಬಿದ್ದರು. ಗಾಡಿ ದಡ್ಡನೆ ನೆಲಕ್ಕೆ ಬಂತು. ಅಬ್ಬಾ, ಯಾರಿಗೂ ಏನೂ ಆಗಲಿಲ್ಲ! ಅಕ್ಕಿ ಮಾತ್ರ ಸೇತುವೆಯ ತುಂಬ ಚೆಲ್ಲಿತು, ಪಾರಿವಾಳಗಳಿಗೆ ಹಬ್ಬ. ಅಂದು ಸಂಜೆಯೇ ಭಾವ ಮುಂದಿನ ಭಾರ ಸರಿದೂಗಿಸಲು ಮನೆಯಲ್ಲೆಲ್ಲ ತೂಕದ ವಸ್ತು ಹುಡುಕಿದರು. ಅಕ್ಕ ಮರುದಿನ ಉದ್ದು ಕಡೆಯಲು ಕೂತಾಗ ಕಡೆಯುವ ಕಲ್ಲು ಇತ್ತು, ಗುಂಡುಕಲ್ಲು ಇರಲಿಲ್ಲ. ಊರಿಂದ ಮದ್ರಾಸು ಮಾರ್ಗವಾಗಿ ರೈಲಿನಲ್ಲಿ ತಂದ ಗುಂಡುಕಲ್ಲು ಹೆಡ್‌ಲೈಟಿನ ಕೆಳಗೆ ಹಗ್ಗದಿಂದ ಬಿಗಿಸಿಕೊಂಡು ಡಾಲ್ಹೌಸಿಗೆ ಹೋಗಿತ್ತು! ಮಿಸ್ತ್ರಿ ಕಬ್ಬಿಣದ ತುಂಡೊಂದನ್ನು ಹುಡುಕಿ ಕೊಡುವವರೆಗೆ ನಮ್ಮ ಮನೆಯಲ್ಲಿ ಇಡ್ಲಿ ಇರಲಿಲ್ಲ, ಮಾತುಕತೆಯೂ ಇರಲಿಲ್ಲ.

ಆರಾಮವೇನೋ ಬಂತು, ಭರವಸೆ ಎಲ್ಲಿಂದ ತರುವುದು? ಒಂದು ಹನಿ ಮಳೆ ಬಿದ್ದರೆ ಸಾಕು, ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗಿಗೆ ನೀರು ತಾಗಿ ಗಾಡಿ ನಿಂತುಬಿಡುತ್ತಿತ್ತು. ಕಲ್ಕತ್ತಾದಲ್ಲಿ ಮಳೆಗೆ ಹೆದರುವ ಗಾಡಿ ಅಂದರೆ ನೀರಿಗೆ ಹೆದರುವ ಮೀನಿದ್ದ ಹಾಗೆ! ಭಾವ ಪ್ಲಗ್ಗು ಬಿಚ್ಚಿ ಜೇಬಿನಲ್ಲಿಟ್ಟು ಮನೆಗೆ ತರುತ್ತಿದ್ದರು. ಅಕ್ಕ ಸಾರು ಇಳಿಸಿದ ಕೂಡಲೇ ಒಲೆಯ ಮೇಲೆ ಬಾಣಲೆ, ಬಾಣಲೆಯೊಳಗೆ ಪ್ಲಗ್ಗು. ಒಮ್ಮೆ ನಮ್ಮ ಮನೆಗೆ ಬಂದ ಬ್ಯಾಂಕಿನವರೊಬ್ಬರ ಹೆಂಡತಿ ಅಡುಗೆಮನೆಗೆ ಇಣುಕಿ, "ಇದೆಂತ ನಿಮ್ಮ ಕಡೆಯ ತಿಂಡಿಯಾ?" ಎಂದು ಕೇಳಿದ್ದಕ್ಕೆ, ಅಕ್ಕ ತಣ್ಣಗೆ, "ಹೌದು, ಇವರಿಗೆ ಮಾತ್ರ ಜೀರ್ಣ ಆಗ್ತದೆ" ಅಂದಳು. ಕಡೆಗೆ ಭಾವ ಬಿಸಿನೀರಿನ ರಬ್ಬರ್ ಚೀಲವೊಂದನ್ನು ಕತ್ತರಿಸಿ ಪ್ಲಗ್ಗಿಗೆ ಟೊಪ್ಪಿ ಹೊಲಿದರು. ಗಾಳಿ ಹೀರುವ ಕೊಳವೆಯನ್ನು ಉದ್ದ ಮಾಡಿ ಸೀಟಿನ ಎತ್ತರಕ್ಕೆ ಏರಿಸಿದರು, ಹೊಗೆಯ ಕೊಳವೆಯನ್ನು ಪೆಟ್ಟಿಗೆಯ ಬೆನ್ನಿಗೆ ನಿಲ್ಲಿಸಿ ಕಟ್ಟಿದರು. ಗಾಡಿ ಈಗ ಸಣ್ಣ ಅಕ್ಕಿ ಗಿರಣಿಯ ಹಾಗೆ ಕಾಣುತ್ತಿತ್ತು.

ಇಷ್ಟು ಬದಲಾವಣೆಗಳಿಂದ ಆದ ಒಂದೇ ಲಾಭವೆಂದರೆ ಕಳ್ಳರ ಭಯ ತಪ್ಪಿದ್ದು. ಒಂದು ಮಧ್ಯಾಹ್ನ ಯಾರೋ ಗಾಡಿ ಕದ್ದರು. ಅಕ್ಕ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಸಿಗಲಿ ಎಂದಲ್ಲ, ಹೋಯಿತಲ್ಲ ಎಂದು. ದೀಪ ಆರುವ ಮೊದಲೇ ಬೀದಿಯ ಕೊನೆಯ ಮಿಠಾಯಿ ಅಂಗಡಿಯವನು ಕರೆ ಕಳಿಸಿದ. ಗಾಡಿ ಅವನ ಕಟ್ಟೆಗೆ ಮುಖ ಕೊಟ್ಟು ನಿಂತಿತ್ತು. ಕಳ್ಳ ಸೀಟು ಹತ್ತಿದ್ದನಂತೆ, ಹ್ಯಾಂಡಲ್ಲೂ ಹಿಡಿದಿದ್ದನಂತೆ. ಬ್ರೇಕಿಗೆ ಕಾಲು ಎಟುಕಲಿಲ್ಲ ಪಾಪ!

ಹೀಗಿರುವಾಗ ಊರಿಂದ ಭಾವನ ತಂಗಿ ಸುಮತಿ ಬಂದಳು.

ಅವಳು ನನ್ನ ವಯಸ್ಸಿನವಳೇ, ಬಿ.ಎಸ್ಸಿ., ಬಿ.ಎಡ್. ಮಾಡಿದವಳು, ಭಾವನಿಗಿಂತ ಒಂದು ಗೇಣು ಕಡಿಮೆ ಅಷ್ಟೆ. ಭಾವನ ಎತ್ತರ ಊರಿಗೆಲ್ಲ ತಮಾಷೆಯಾದರೆ ಸುಮತಿಯ ಎತ್ತರ ಮನೆಯವರಿಗೆಲ್ಲ ಚಿಂತೆಯಾಗಿತ್ತು. ನೋಡಲು ಬಂದ ವರ ಕಾಫಿ ಲೋಟ ತೆಗೆದುಕೊಳ್ಳಲು ಎದ್ದು ನಿಂತು, ಮತ್ತೆ ಕೂತು, ಹಾಗೇ ಹೊರಟುಹೋದನಂತೆ. ಅಂಥದ್ದು ಎಷ್ಟು ಸಲ ಆಯಿತೋ. ಅವಳು ನಡೆಯುವಾಗ ಭುಜ ಮುಂದಕ್ಕೆ ಬಾಗಿಸಿ, ಬೆನ್ನು ಗೂನು ಮಾಡಿ, ಇದ್ದ ಎತ್ತರವನ್ನು ಎಲ್ಲಾದರೂ ಬಚ್ಚಿಡಲು ನೋಡುತ್ತಿದ್ದಳು. ಫೋಟೋದಲ್ಲಿ ಯಾವಾಗಲೂ ಕೂತವಳು. ಮಾತಾಡುವಾಗ ಎದುರಿನವರ ಮುಖ ನೋಡದೆ ತನ್ನ ಕಾಲಬೆರಳು ನೋಡುವವಳು. "ಅಲ್ಲೇ ಇದ್ದರೆ ಕೊರಗಿ ಹೋಗ್ತಾಳೆ" ಎಂದು ಭಾವನೇ ಹಟ ಹಿಡಿದು ಕರೆಸಿಕೊಂಡಿದ್ದರು.

ಬಂದ ಮರುವಾರ, ಗಾಡಿ ತೊಳೆಯುತ್ತಿದ್ದ ಭಾವ ಅವಳನ್ನು ಕರೆದರು. "ಸುಮತಿ, ಇಲ್ಲಿ ಬಾ. ಒಮ್ಮೆ ಕೂತು ನೋಡು."

"ಬೇಡ ಅಣ್ಣ. ಯಾರಾದ್ರೂ ನೋಡಿದ್ರೆ?"

"ನೋಡ್ಲಿ. ನನ್ನನ್ನು ದಿನಾ ನೋಡುದಿಲ್ವಾ?"

ಕೂತಳು. ಮೊಣಕಾಲು ಎಲ್ಲೂ ತಾಗಲಿಲ್ಲ, ಕೈ ಎಲ್ಲೂ ಎಳೆಯಲಿಲ್ಲ. ಅವಳು ಅಚ್ಚರಿಯಿಂದ ಅತ್ತಿತ್ತ ನೋಡಿ, "ಅಣ್ಣ, ಇದು ನನಗೆ ಸರಿ ಆಗ್ತದೆ!" ಅಂದಳು. ಅದನ್ನು ಹೇಳಿದ ದನಿ ಕೇಳಿ ನಾನು ಬಾಲ್ಕನಿಯಿಂದ ಕೆಳಗೆ ನೋಡಿದೆ. ಹೊಸ ಬಟ್ಟೆ ಹೊಲಿಸಿದವರು ಕೂಡ ಹಾಗೆ ಹೇಳುವುದಿಲ್ಲ.

ಅಲ್ಲಿಂದ ಭಾನುವಾರಗಳು ಮೈದಾನಕ್ಕೆ ಮೀಸಲಾದವು. ಸೀರೆ ಉಟ್ಟು ಆ ಗಾಡಿ ಹತ್ತುವಂತಿಲ್ಲ; ಕಲ್ಕತ್ತಾದ ಯಾವ ಅಂಗಡಿಯಲ್ಲೂ ಅವಳ ಅಳತೆಗೆ ಪ್ಯಾಂಟಿಲ್ಲ. ಭಾವನ ಹಳೆಯ ಆಫೀಸು ಪ್ಯಾಂಟನ್ನೇ ಅಕ್ಕ ಸೊಂಟದಲ್ಲಿ ಹಿಡಿದು ಹೊಲಿದು ಕೊಟ್ಟಳು. ಬಯ್ಯುತ್ತಲೇ ಹೊಲಿದಳು: "ಒಬ್ಬರು ಸಾಲದು ಅಂತ ಇಬ್ಬರಾದ್ರು!" ಭಾವ ಹಿಂದಿನ ಪೆಟ್ಟಿಗೆಯಲ್ಲಿ ಕೂತು ಪಾಠ ಹೇಳುತ್ತಿದ್ದರು. "ಕ್ಲಚ್ಚು... ಕ್ಲಚ್ಚು ಬಿಡು... ನಿಧಾನ... ಆಡು, ಆಡು ಉಂಟು ಮುಂದೆ!" ಮೈದಾನದ ಆಡುಗಳು ಒಂದೆರಡು ವಾರ ಕಷ್ಟಪಟ್ಟವು, ಆಮೇಲೆ ಅವಕ್ಕೂ ಅಭ್ಯಾಸವಾಯಿತು. ಭಾವ ಅವಳಿಗೆಂದು ಸೀಟಿನ ಹಿಂದೆ ಬೆನ್ನು ಆನಿಸಲು ಒಂದು ಮೆತ್ತೆಯನ್ನೂ ಹೊಲಿಸಿದರು. ಬಾಗಿ ಕೂತರೆ ಹ್ಯಾಂಡಲ್ ಕೈಗೆ ಸರಿಯಾಗಿ ಸಿಗುತ್ತಿರಲಿಲ್ಲ, ನೆಟ್ಟಗೆ ಕೂತರೆ ಸಿಗುತ್ತಿತ್ತು. ಅದು ಮಿಸ್ತ್ರಿಯ ತಪ್ಪೋ ಭಾವನ ಉಪಾಯವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮಳೆಗಾಲದಲ್ಲಿ ಸುಮತಿಗೆ ಒಂದು ಸಂದರ್ಶನದ ಕರೆ ಬಂತು. ಡಮ್ ಡಮ್ ಕಡೆಯ ಒಂದು ಹೆಣ್ಣುಮಕ್ಕಳ ಶಾಲೆಗೆ ವಿಜ್ಞಾನದ ಟೀಚರು ಬೇಕಾಗಿತ್ತು. ಇದಾಗದಿದ್ದರೆ ಊರಿಗೆ ಹಿಂದಿರುಗಬೇಕೆಂದು ಅಲ್ಲಿಂದ ತಾಕೀತು. ಯಾರೋ ಎರಡನೇ ಸಂಬಂಧದವರು, ವಯಸ್ಸು ಸ್ವಲ್ಪ ಹೆಚ್ಚಾದರೂ ಎತ್ತರದ ಬಗ್ಗೆ ತಕರಾರಿಲ್ಲ ಅಂದಿದ್ದರು. ಸುಮತಿ ಆ ವಾರ ಸರಿಯಾಗಿ ಊಟ ಮಾಡಲಿಲ್ಲ.

ಸಂದರ್ಶನದ ದಿನ ಬೆಳಗ್ಗೆ ಎದ್ದು ನೋಡಿದರೆ ಕಲ್ಕತ್ತಾ ಕೆರೆಯಾಗಿತ್ತು! ಟ್ರಾಮು ಇಲ್ಲ, ಬಸ್ಸಿಲ್ಲ, ಹಳಿಗಳ ಮೇಲೆ ನೀರು ಬಂದು ಬಾಲಿಗಂಜ್‌ನ ಲೋಕಲ್ ರೈಲೂ ಇಲ್ಲ. ಭಾವನೋ, ಹಿಂದಿನ ದಿನದಿಂದ ಚಳಿಜ್ವರದಲ್ಲಿ ಎರಡು ಕಂಬಳಿ ಹೊದ್ದು ಮಲಗಿದ್ದರು. ಎರಡು ಯಾಕೆಂದರೆ ಒಂದು ಮೇಲಿನರ್ಧಕ್ಕೆ, ಒಂದು ಕೆಳಗಿನರ್ಧಕ್ಕೆ.

ಸುಮತಿ ಕಿಟಕಿಯ ಹತ್ತಿರ ನಿಂತು, "ಹೋಗ್ಲಿ ಬಿಡಿ ಅತ್ತಿಗೆ, ನನ್ನ ಹಣೆಬರಹ" ಅಂದಳು.

ಕಂಬಳಿಯೊಳಗಿಂದ ಕೈಯೊಂದು ಹೊರಬಂತು. ಅದರಲ್ಲಿ ಗಾಡಿಯ ಕೀಲಿಕೈ. "ಹಣೆಬರಹ ಆಮೇಲೆ ನೋಡುವ. ಮೊದಲು ಹೊರಡು."

"ಒಬ್ಬಳೇ? ಈ ನೀರಲ್ಲಿ?" ಅಕ್ಕ ಗಾಬರಿಯಾದಳು. "ನಿಮಗೆ ಜ್ವರ ತಲೆಗೇರಿದೆಯಾ?"

"ಒಬ್ಬಳೇ ಅಲ್ಲ, ನಿನ್ನ ತಂಗಿ ಹೋಗ್ತಾಳಲ್ಲ ಜೊತೆಗೆ" ಎಂದರು ಭಾವ. ನನ್ನನ್ನು ಯಾರು ಕೇಳಿದರು?

ಹೊರಟೆವು. ಭಾವನ ಪ್ಯಾಂಟು ತೊಟ್ಟ ಸುಮತಿ ಸೀಟಿನಲ್ಲಿ. ಅವಳ ರೇಷ್ಮೆ ಸೀರೆ, ಸರ್ಟಿಫಿಕೇಟು ಎಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗವಚಿಕೊಂಡ ನಾನು ಪೆಟ್ಟಿಗೆಯಲ್ಲಿ. ದಾರಿಯುದ್ದಕ್ಕೂ ನಿಂತ ಟ್ಯಾಕ್ಸಿಗಳು, ಬಾನೆಟ್ಟು ತೆರೆದ ಕಾರುಗಳು. ಪಾರ್ಕ್ ಸರ್ಕಸ್ಸಿನಲ್ಲಿ ನೀರು ಚಕ್ರದ ಅರ್ಧಕ್ಕೆ ಬಂತು. ಗಾಡಿ ಕೆಮ್ಮಿತು, ಕೆಮ್ಮಿತು, ಮುಂದೆ ಹೋಯಿತು! ಸಿಯಾಲ್ದಾದ ಹತ್ತಿರ ಪೆಟ್ಟಿಗೆಯೊಳಗೇ ನೀರು ಬಂದು, ನಾನು ಬೆಂಚಿನ ಮೇಲೆ ಕುಕ್ಕರಗಾಲಲ್ಲಿ ಕೂತೆ. ಸೀರೆಯ ಗಂಟು ತಲೆಯ ಮೇಲೆ. ಮಹಡಿಗಳಿಂದ ಜನ ಬಗ್ಗಿ ನೋಡುತ್ತಿದ್ದರು. ಯಾರೋ ಒಬ್ಬರು "ಬಾಬಾ ರೇ! ಕೀ ಲಂಬಾ ಮೇಯೆ!" ಎಂದು ಕೂಗಿದರು, ಎಂಥ ಉದ್ದದ ಹುಡುಗಿ ಎಂದು. ಸುಮತಿ ಕುಗ್ಗುತ್ತಾಳೆಂದುಕೊಂಡೆ. ಅವಳಿಗೆ ಕುಗ್ಗಲು ಪುರುಸೊತ್ತೇ ಇರಲಿಲ್ಲ. ಕತ್ತು ನೆಟ್ಟಗೆ ಮಾಡಿ, ಎಲ್ಲರ ತಲೆಯ ಮೇಲಿಂದ ಮುಂದಿನ ರಸ್ತೆ ನೋಡುತ್ತಿದ್ದಳು. ಶ್ಯಾಮ್‌ಬಜಾರ್ ದಾಟಿದ ಮೇಲೆ ನೀರು ಇಳಿಯಿತು. ನಾನು ನೆನಪಿದ್ದ ದೇವರಿಗೆಲ್ಲ ಕೈಮುಗಿದೆ, ಕೊನೆಗೆ ಪ್ಲಗ್ಗಿಗೆ ಟೊಪ್ಪಿಯಾದ ಬಿಸಿನೀರಿನ ಚೀಲಕ್ಕೂ!

ಶಾಲೆಯ ಬಚ್ಚಲುಮನೆಯಲ್ಲಿ ಸೀರೆ ಉಟ್ಟು ಸುಮತಿ ಒಳಗೆ ಹೋದಳು. ಬೇರೆ ಯಾರೂ ಬಂದಿರಲಿಲ್ಲ. ಸಂದರ್ಶನ ಮಾಡಬೇಕಾದ ಸಮಿತಿಯವರೂ ಬಂದಿರಲಿಲ್ಲ! ಮುಖ್ಯೋಪಾಧ್ಯಾಯಿನಿ ಒಬ್ಬರೇ ಇದ್ದರು. ವಿಜ್ಞಾನದ ನಾಲ್ಕು ಪ್ರಶ್ನೆ ಕೇಳಿದರಂತೆ. ಆಮೇಲೆ ಕಿಟಕಿಯಾಚೆ ಬೆರಳು ತೋರಿಸಿ, "ಆ ಗಾಡಿ ಓಡಿಸಿಕೊಂಡು ಬಂದದ್ದು ನೀನೇನಾ?" ಅಂದರಂತೆ.

"ಹೌದು ಮೇಡಂ."

"ನಮ್ಮ ಹುಡುಗಿಯರು ನಾಲ್ಕು ಹನಿ ಮಳೆಗೆ ರಜೆ ಕೇಳ್ತಾರೆ. ನೀನು ಬಾ. ಬಂದು ಅವರೆದುರು ಸುಮ್ಮನೆ ನಿಂತರೂ ಸಾಕು."

ಹಿಂದಿರುಗುವಾಗ ಸುಮತಿ ದಾರಿಯುದ್ದಕ್ಕೂ ಹಾಡುತ್ತಿದ್ದಳು. ಇಂಜಿನ್ನಿನ ಸದ್ದಿನಲ್ಲಿ ಯಾವ ಹಾಡೆಂದು ತಿಳಿಯಲಿಲ್ಲ. ಬಾಲಿಗಂಜ್ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು, ಮಳೆ ಮತ್ತೆ ಹಿಡಿದಿತ್ತು, ನಮ್ಮ ಬೀದಿಯ ನೀರು ಬೆಳಗ್ಗೆಗಿಂತ ಏರಿತ್ತು. ಬೀದಿಯ ತಿರುವಿನಲ್ಲಿ, ಮೊಣಕಾಲುದ್ದ ನೀರಿನಲ್ಲಿ, ಒಂದು ಕೊಡೆ ಬಹಳ ಎತ್ತರದಲ್ಲಿ ನಿಂತಿತ್ತು. ಕೊಡೆಯ ಕೆಳಗೆ ಕಂಬಳಿ ಹೊದ್ದ ಭಾವ. ಎಷ್ಟು ಹೊತ್ತಿನಿಂದ ನಿಂತಿದ್ದರೋ! ಮೇಲೆ ಬಾಲ್ಕನಿಯಿಂದ ಅಕ್ಕ, "ಹೇಳಿದ್ರೆ ಕೇಳುದಿಲ್ಲ, ಬಾಗಿಲು ಹಾಕಿದ್ರೂ ಹೋದ್ರು!" ಎಂದು ನಮ್ಮನ್ನು ನೋಡಿದ ಸಮಾಧಾನಕ್ಕೇ ಅಳುತ್ತ ಬಯ್ಯುತ್ತಿದ್ದಳು.

ಗಾಡಿ ಭಾವನ ಮುಂದೆ ನಿಂತಿತು. ಪ್ಲಗ್ಗು ಏನಾಯಿತು ಎಂದು ಕೇಳುತ್ತಾರೆ, ಬ್ರೇಕು ಹಿಡಿಯಿತಾ ಎಂದು ಕೇಳುತ್ತಾರೆ, ಕೆಲಸದ ಮಾತು ಹೇಗೂ ಕೇಳುತ್ತಾರೆ ಎಂದುಕೊಂಡು ನಾನು ಉತ್ತರ ಹೊಂದಿಸಿಕೊಂಡಿದ್ದೆ. ಭಾವ ಯಾವುದನ್ನೂ ಕೇಳಲಿಲ್ಲ. ತಂಗಿ ಕೂತ ರೀತಿಯನ್ನೇ ಸ್ವಲ್ಪ ಹೊತ್ತು ನೋಡಿ, ಜ್ವರದ ದನಿಯಲ್ಲಿ ಕೇಳಿದರು:

"ಬೆನ್ನು ನೋಯ್ತದಾ?"

"ಇಲ್ಲ ಅಣ್ಣ" ಅಂದಳು ಸುಮತಿ. "ಎಲ್ಲೂ ನೋಯುದಿಲ್ಲ."

ಭಾವ ತಲೆಯಾಡಿಸಿದರು. ಕನ್ನಡಕ ತೆಗೆದು ಒರೆಸಿಕೊಂಡರು, ಕಂಬಳಿಯೇ ಒದ್ದೆ, ಒರೆಸಿ ಏನು ಪ್ರಯೋಜನ. "ಹಿಂದೆ ಕೂತ್ಕೊಳ್ಳಿ ಅಣ್ಣ, ಜ್ವರ ಉಂಟು" ಎಂದು ಅವಳು ಎಷ್ಟು ಹೇಳಿದರೂ ಕೇಳಲಿಲ್ಲ. ನೀರಿನಡಿ ಮ್ಯಾನ್‌ಹೋಲಿನ ಮುಚ್ಚಳ ತೆರೆದಿದ್ದರೆ? ಕೊಡೆ ಮಡಚಿ ಕೋಲು ಮಾಡಿಕೊಂಡು, ಆ ಉದ್ದ ಕಾಲುಗಳಿಂದ ಒಂದೊಂದೇ ಹೆಜ್ಜೆ ನೆಲ ತಡವಿ ನೋಡುತ್ತ, ಭಾವ ಮಳೆಯಲ್ಲಿ ಮುಂದೆ ಮುಂದೆ ನಡೆದರು. ಅವರು ಕಾಲಿಟ್ಟ ಜಾಗದಲ್ಲೇ ಚಕ್ರ ಉರುಳಿಸುತ್ತ ಸುಮತಿ ಮೆಲ್ಲಗೆ ಹಿಂದೆ ಬಂದಳು.